ಬೆಟ್ಟದ ಚಿತ್ರದ ಕೆಳಗೆ 14/75: ಲಿಮಿಟೆಡ್ ಎಡಿಷನ್ ಸ್ಕ್ರೀನ್‌ಪ್ರಿಂಟ್ ಅಂದ್ರೇನು, ಅದಕ್ಕೆ ಅಷ್ಟು ಬೆಲೆ ಯಾಕೆ?

2025ರ ಸೆಪ್ಟೆಂಬರ್ 22ರಿಂದ ಕಲಾಕೃತಿಗಳ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಆ ಪಟ್ಟಿಯಲ್ಲಿ ಪೇಂಟಿಂಗ್ ಜೊತೆಗೆ ಕಲಾವಿದರು ಅಚ್ಚು ಹಾಕಿದ ಪ್ರಿಂಟ್‌ಗಳೂ ಇವೆ. ಇತ್ತ ಇನ್‌ಸ್ಟಾಗ್ರಾಮ್ ತೆರೆದರೆ ಸಾಕು, ಯಾರಾದರೊಬ್ಬರು ‘ಲಿಮಿಟೆಡ್ ಎಡಿಷನ್, ಇನ್ನು ಆರೇ ಉಳಿದಿವೆ’ ಅಂತ ಬೆಟ್ಟವೋ ಕೆರೆಯೋ ಇರುವ ಚಿತ್ರ ಮಾರುತ್ತಿರುತ್ತಾರೆ. ಜನವರಿಯಲ್ಲಿ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ನಡೆಯುವ ಚಿತ್ರಸಂತೆಯಲ್ಲೂ ಪ್ರಿಂಟ್‌ಗಳು ಸಿಗುತ್ತವೆ. ದೊಡ್ಡ ಪೇಂಟಿಂಗಿಗೆ ಲಕ್ಷಗಟ್ಟಲೆ ಕೊಡಲಾಗದವರು ಪ್ರಿಂಟ್ ಕಡೆ ತಿರುಗುವುದು ಸಹಜ. ಆದರೆ ಚಿತ್ರದ ಕೆಳಗೆ ಪೆನ್ಸಿಲ್‌ನಲ್ಲಿ ಬರೆದ 14/75 ನೋಡಿದ ಕೂಡಲೇ ಮನಸ್ಸಿಗೆ ಬರುವ ಪ್ರಶ್ನೆ ಒಂದೇ. ಅಚ್ಚು ಹಾಕಿದ್ದು ಅಂದ ಮೇಲೆ ಇನ್ನೂ ನೂರು ಹಾಕಬಹುದಲ್ವಾ?

ಹಾಕಬಹುದು. ಯಂತ್ರವಾಗಲಿ ಅಚ್ಚಿನ ಬಟ್ಟೆಯಾಗಲಿ ಬೇಡ ಅನ್ನುವುದಿಲ್ಲ. ಹಾಗಿದ್ದರೂ 75 ಪ್ರತಿಗೇ ನಿಲ್ಲಿಸುತ್ತಾರೆ. ಯಾಕೆ ನಿಲ್ಲಿಸುತ್ತಾರೆ, ನಿಲ್ಲಿಸಿದ್ದಾರೆ ಅಂತ ನಾವು ನಂಬುವುದು ಹೇಗೆ ಅನ್ನುವುದರ ಮೇಲೆಯೇ ಈ ವ್ಯಾಪಾರ ನಿಂತಿದೆ.

ಮದುವೆ ಕಾರ್ಡಿನ ಕೆಲಸವೇ, ಸ್ವಲ್ಪ ಬೇರೆ ತಾಳ್ಮೆ

ಸ್ಕ್ರೀನ್ ಪ್ರಿಂಟಿಂಗ್ ನಮಗೆ ಹೊಸದಲ್ಲ. ಸುಲ್ತಾನ್‌ಪೇಟೆಯ ಅಂಗಡಿಗಳಲ್ಲಿ ಸಿಗುವ ಮದುವೆ ಕಾರ್ಡು, ಕಾಲೇಜು ಫೆಸ್ಟಿನ ಟೀ ಶರ್ಟು, ಬಟ್ಟೆಯ ಕೈಚೀಲದ ಮೇಲಿನ ಅಂಗಡಿ ಹೆಸರು, ಇವುಗಳಲ್ಲಿ ಎಷ್ಟೋ ಇದೇ ವಿಧಾನದಲ್ಲಿ ಆದವು. ಕಲಾವಿದರು ಮಾಡುವುದೂ ಇದನ್ನೇ.

ಮರದ ಅಥವಾ ಅಲ್ಯೂಮಿನಿಯಂ ಫ್ರೇಮಿಗೆ ತೆಳ್ಳನೆಯ ಜಾಲರಿ ಬಟ್ಟೆಯನ್ನು ಬಿಗಿಯಾಗಿ ಎಳೆದು ಕಟ್ಟುತ್ತಾರೆ. ಹಿಂದೆ ರೇಷ್ಮೆ ಕಟ್ಟುತ್ತಿದ್ದರು, ಸಿಲ್ಕ್‌ಸ್ಕ್ರೀನ್ ಅನ್ನುವ ಹೆಸರು ಅದರಿಂದ ಬಂತು. ಈಗ ಪಾಲಿಯೆಸ್ಟರ್. ಈ ಬಟ್ಟೆಯಲ್ಲಿ ಎಲ್ಲಿ ಬಣ್ಣ ಇಳಿಯಬಾರದೋ ಅಲ್ಲಿ ಕಣ್ಣುಗಳನ್ನು ಮುಚ್ಚಬೇಕು, ಎಲ್ಲಿ ಇಳಿಯಬೇಕೋ ಅಲ್ಲಿ ತೆರೆದಿಡಬೇಕು. ಬಾಗಿಲ ಮುಂದೆ ರಂಗೋಲಿ ಹಾಕಲು ತೂತು ಕೊರೆದ ಜಾಲರಿ ಅಚ್ಚು ಸಿಗುತ್ತದಲ್ಲ, ಪುಡಿ ಹಾಕಿ ಕೈಯಲ್ಲಿ ಸವರಿದರೆ ತೂತಿದ್ದ ಕಡೆ ಮಾತ್ರ ನೆಲಕ್ಕೆ ಇಳಿಯುತ್ತದೆ. ಅದೇ ಲೆಕ್ಕ. ಇಲ್ಲಿ ಪುಡಿಯ ಬದಲು ಗಟ್ಟಿ ಬಣ್ಣ, ಕೈಯ ಬದಲು ಸ್ಕ್ವೀಜಿ ಅನ್ನುವ ರಬ್ಬರ್ ಪಟ್ಟಿ.

ಮುಚ್ಚುವ ಕೆಲಸಕ್ಕೆ ಎರಡು ದಾರಿ ಇವೆ. ಹಳೆಯ ದಾರಿಯಲ್ಲಿ ಕಲಾವಿದರು ಕಾಗದ ಅಥವಾ ಫಿಲ್ಮನ್ನು ಕೈಯಲ್ಲಿ ಕತ್ತರಿಸಿ ಅಂಟಿಸುತ್ತಾರೆ, ಇಲ್ಲವೇ ಬಟ್ಟೆಯ ಮೇಲೆ ನೇರವಾಗಿ ಬ್ರಷ್‌ನಲ್ಲಿ ಬಳಿದು ಕಣ್ಣು ಮುಚ್ಚುತ್ತಾರೆ. ಇನ್ನೊಂದು ದಾರಿ ಈಗ ಜಾಸ್ತಿ ಬಳಕೆಯಲ್ಲಿದೆ. ಬೆಳಕು ಬಿದ್ದರೆ ಗಟ್ಟಿಯಾಗುವ ಎಮಲ್ಷನ್ ಅನ್ನುವ ದ್ರವವನ್ನು ಬಟ್ಟೆಗೆ ಬಳಿದು ಕತ್ತಲಲ್ಲಿ ಒಣಗಿಸುತ್ತಾರೆ. ಅದರ ಮೇಲೆ ಪಾರದರ್ಶಕ ಹಾಳೆಯಲ್ಲಿ ಕಪ್ಪಾಗಿ ಬರೆದ ಚಿತ್ರ ಇಟ್ಟು ಯುವಿ ಬೆಳಕು ಬಿಡುತ್ತಾರೆ. ಕಪ್ಪು ಇದ್ದ ಕಡೆ ಬೆಳಕು ತಾಗದೆ ಎಮಲ್ಷನ್ ಮೆತ್ತಗೇ ಉಳಿಯುತ್ತದೆ, ನೀರು ಹಾಯಿಸಿದರೆ ತೊಳೆದು ಹೋಗುತ್ತದೆ. ಅಲ್ಲಿ ಬಟ್ಟೆ ತೆರೆದುಕೊಂಡಿತು. ಈ ಎರಡು ದಾರಿಗಳ ವ್ಯತ್ಯಾಸವನ್ನು ನೆನಪಿಟ್ಟುಕೊಳ್ಳಿ. ತೆರಿಗೆಯ ವಿಚಾರ ಬಂದಾಗ ಬೇಕಾಗುತ್ತದೆ.

ಮುಖ್ಯ ಮಾತು ಇದು: ಒಂದು ಬಣ್ಣಕ್ಕೆ ಒಂದು ಸ್ಕ್ರೀನ್. ಚಿತ್ರದಲ್ಲಿ ಎಂಟು ಬಣ್ಣದ ಪದರ ಇದ್ದರೆ ಎಂಟು ಸಲ ಅಚ್ಚು ಹಾಕಬೇಕು.

ಬೆಟ್ಟ, ಮಂಜು, ಆಕಾಶ: ಕಷ್ಟ ಇರುವುದು ಇಲ್ಲಿ

ಅಕ್ಷರ ಅಚ್ಚು ಹಾಕುವುದು ಸುಲಭ, ಭೂದೃಶ್ಯ ಕಷ್ಟ. ಸ್ಕ್ರೀನ್‌ಪ್ರಿಂಟ್ ಸಹಜವಾಗಿ ಕೊಡುವುದು ಚಪ್ಪಟೆ, ಒಂದೇ ಸಮನಾದ ಬಣ್ಣ. ಮುಂಜಾನೆಯ ಆಕಾಶದಲ್ಲಿ ಹಾಗೆ ಗೆರೆ ಎಳೆದಂತೆ ಬಣ್ಣ ಇರುತ್ತದಾ? ಕೆಳಗೆ ಕಿತ್ತಳೆ, ಮೇಲೆ ಹೋಗುತ್ತಾ ನೀಲಿ, ನಡುವೆ ಯಾವ ಬಣ್ಣ ಅಂತ ಹೇಳಲಾಗದ ಒಂದು ಜಾಗ.

ಇದಕ್ಕೆ ಅಚ್ಚಿನವರು ಮಾಡುವ ಉಪಾಯ ನೋಡಲು ಚೆಂದ. ಒಂದೇ ಸ್ಕ್ರೀನಿನ ಒಂದು ತುದಿಗೆ ಕಿತ್ತಳೆ ಬಣ್ಣ, ಇನ್ನೊಂದು ತುದಿಗೆ ನೀಲಿ ಸುರಿದು, ಸ್ಕ್ವೀಜಿಯನ್ನು ನಾಲ್ಕಾರು ಸಲ ಎಳೆಯುತ್ತಾರೆ. ನಡುವೆ ಎರಡೂ ಬೆರೆತು ಹದವಾಗುತ್ತದೆ. ಹದ ಬಂದ ಮೇಲೆ ಒಳ್ಳೆ ಕಾಗದ ಇಡುತ್ತಾರೆ. ಆದರೆ ಎಳೆದಷ್ಟೂ ಬೆರೆಯುವುದು ಮುಂದುವರಿಯುತ್ತಲೇ ಇರುತ್ತದೆ, ಸ್ವಲ್ಪ ಹೊತ್ತಿಗೆ ಆಕಾಶ ಕೆಸರಾಗುತ್ತದೆ, ಆಗ ಎಲ್ಲ ಒರೆಸಿ ಮತ್ತೆ ಶುರು ಮಾಡಬೇಕು. ಹಾಗಾಗಿ 75 ಪ್ರತಿಗಳಲ್ಲಿ ಆಕಾಶ 75 ಬಗೆಯಾಗಿಯೇ ಇರುತ್ತದೆ, ಎರಡು ಪ್ರತಿ ಅಕ್ಕಪಕ್ಕ ಇಟ್ಟರೆ ಮಾತ್ರ ಗೊತ್ತಾಗುವಷ್ಟು.

ದೂರದ ಬೆಟ್ಟಗಳಿಗೆ ಬೇರೆ ಉಪಾಯ. ಬಣ್ಣಕ್ಕೆ ಪಾರದರ್ಶಕ ಬೇಸ್ ಬೆರೆಸಿ ತೆಳುವಾಗಿಸಿ ಒಂದರ ಮೇಲೊಂದು ಹಾಕುತ್ತಾರೆ. ತೆಳು ನೀಲಿಯ ಮೇಲೆ ತೆಳು ಹಳದಿ ಬಿದ್ದ ಜಾಗದಲ್ಲಿ ಹಸಿರು ತಾನೇ ಹುಟ್ಟುತ್ತದೆ. ಹೀಗೆ ಐದು ಸ್ಕ್ರೀನಿನಲ್ಲಿ ಒಂಬತ್ತೋ ಹತ್ತೋ ಬಣ್ಣ ತರಬಹುದು. ಸಾಮಾನ್ಯವಾಗಿ ತಿಳಿ ಬಣ್ಣ ಮೊದಲು, ಗಾಢ ಬಣ್ಣ ಕೊನೆಗೆ. ಮುಂದಿನ ಮರದ ಕಪ್ಪು ಕೊಂಬೆಗಳು ಎಲ್ಲಕ್ಕಿಂತ ಕಡೆಗೆ.

ಪ್ರತಿ ಪದರವೂ ಹಿಂದಿನದರ ಮೇಲೆ ಸರಿಯಾಗಿ ಕೂರಬೇಕು. ಇದಕ್ಕೆ ರಿಜಿಸ್ಟ್ರೇಷನ್ ಅನ್ನುತ್ತಾರೆ. ಕಾಗದ ಗಾಳಿಯ ತೇವ ಹೀರಿ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ. ಬೆಳಿಗ್ಗೆ ಹಾಕಿದ ಬೆಟ್ಟದ ಅಂಚಿಗೂ ಸಂಜೆ ಹಾಕಿದ ಕೆರೆಯ ಅಂಚಿಗೂ ನಡುವೆ ಬಿಳಿ ಕೂದಲೆಳೆಯಷ್ಟು ಸಂದು ಬಿಟ್ಟರೆ ಆ ಹಾಳೆ ಕೆಟ್ಟಂತೆ. ಹಾಗಾಗಿ 75 ಬೇಕೆಂದರೆ ಸುಮಾರು 90 ಹಾಳೆಯಿಂದ ಶುರು ಮಾಡುತ್ತಾರೆ. ಎಂಟು ಪದರ ಅಂದರೆ 720 ಸಲ ಎಳೆಯಬೇಕು, ಪ್ರತಿ ಪದರ ಆದ ಮೇಲೆ ಎಲ್ಲ ಹಾಳೆಗಳನ್ನೂ ರ‍್ಯಾಕ್‌ನಲ್ಲಿ ಒಣಗಿಸಬೇಕು, ಪ್ರತಿ ಸಲ ಸ್ಕ್ರೀನ್ ತೊಳೆಯಬೇಕು. ಕಾಗದವೂ ಅಗ್ಗದ್ದಲ್ಲ, ಹತ್ತಿಯಿಂದ ಮಾಡಿದ, ಆಮ್ಲ ಇಲ್ಲದ, 300 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ) ಆಸುಪಾಸಿನ ದಪ್ಪ ಕಾಗದ. ‘ಸುಮ್ನೆ ಪ್ರಿಂಟ್ ತಾನೇ’ ಅನ್ನುವವರಿಗೆ ಈ ಲೆಕ್ಕ ಹೇಳಿ ನೋಡಿ.

ಹಾಗಂತ ಬೆಲೆ ಪೂರ್ತಿ ಶ್ರಮದಿಂದ ಬಂದದ್ದಲ್ಲ. ಇದೇ ಶ್ರಮದ 500 ಪ್ರತಿಗಳಿದ್ದರೆ ಒಂದೊಂದರ ಬೆಲೆ ಬಹಳ ಕಡಿಮೆ ಇರುತ್ತಿತ್ತು.

ಸಂಖ್ಯೆಗೆ ಮಿತಿ ಯಾಕೆ ಬಂತು?

ಹಳೆಯ ಅಚ್ಚಿನ ಕೆಲವು ವಿಧಾನಗಳಲ್ಲಿ ಮಿತಿ ತಾನಾಗಿಯೇ ಇತ್ತು. ತಾಮ್ರದ ತಗಡಿನ ಮೇಲೆ ಸೂಜಿಯಿಂದ ಗೀರಿ ಮಾಡುವ ಡ್ರೈಪಾಯಿಂಟ್‌ನಲ್ಲಿ, ಗೀರಿದಾಗ ಏಳುವ ಲೋಹದ ಅಂಚು ಪ್ರೆಸ್ಸಿನ ಒತ್ತಡಕ್ಕೆ ಬೇಗ ಸವೆದು ಹೋಗುತ್ತದೆ. ಮೊದಲ ಕೆಲವು ಪ್ರತಿಗಳಲ್ಲಿ ಗೆರೆ ಮಖಮಲ್ಲಿನ ಹಾಗೆ ದಟ್ಟ, ಆಮೇಲೆ ಸಪ್ಪೆ. ಅಲ್ಲಿ ಕಡಿಮೆ ನಂಬರಿಗೆ ಬೆಲೆ ಜಾಸ್ತಿ ಇದ್ದುದಕ್ಕೆ ಕಾರಣ ಇತ್ತು. ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ ವಿಸ್ಲರ್‌ನಂಥ ಕಲಾವಿದರು ಪ್ರಿಂಟ್‌ಗಳಿಗೆ ಪೆನ್ಸಿಲ್‌ನಲ್ಲಿ ಸಹಿ ಹಾಕತೊಡಗಿದರು. ಸಂಖ್ಯೆ ಬರೆಯುವುದು ಅದರ ಹಿಂದೆಯೇ ರೂಢಿಯಾಯಿತು.

ಸ್ಕ್ರೀನ್‌ಪ್ರಿಂಟ್ ಬಂದದ್ದು ಆಮೇಲೆ. 1907ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನ ಸ್ಯಾಮ್ಯುಯೆಲ್ ಸೈಮನ್ ಇದಕ್ಕೆ ಪೇಟೆಂಟ್ ಪಡೆದರು. ಬಹಳ ಕಾಲ ಇದು ಬೋರ್ಡು, ಪೋಸ್ಟರು, ಬಟ್ಟೆಗಳ ಕೆಲಸವಾಗಿಯೇ ಉಳಿಯಿತು. ಅಮೆರಿಕದಲ್ಲಿ 1930ರ ದಶಕದ ಆರ್ಥಿಕ ಕುಸಿತದಲ್ಲಿ ಸರ್ಕಾರ ಕಲಾವಿದರಿಗೆ ಕೆಲಸ ಕೊಡುವ ಯೋಜನೆ ತಂದಾಗ, ನ್ಯೂಯಾರ್ಕಿನಲ್ಲಿ ಆ್ಯಂಟನಿ ವೆಲೊನಿಸ್ ಮತ್ತು ಜೊತೆಗಾರರು ಇದನ್ನು ಕಲೆಯ ಮಾಧ್ಯಮವಾಗಿ ಬೆಳೆಸಿದರು. ಸೆರಿಗ್ರಾಫ್ ಅನ್ನುವ ಗಂಭೀರ ಹೆಸರೂ ಆ ಕಾಲದ್ದೇ, ಪೋಸ್ಟರ್ ಅಂಗಡಿಯ ವಾಸನೆ ಹೋಗಲಿ ಅಂತ. ಇಂದು ಗ್ಯಾಲರಿಯಲ್ಲಿ ಸೆರಿಗ್ರಾಫ್ ಅಂದರೂ ಸಿಲ್ಕ್‌ಸ್ಕ್ರೀನ್ ಅಂದರೂ ಒಂದೇ.

ಇಲ್ಲಿ ತಗಡು ಸವೆಯುವ ಸಮಸ್ಯೆ ಇಲ್ಲ. ಸ್ಕ್ರೀನ್ ಚೆನ್ನಾಗಿ ನೋಡಿಕೊಂಡರೆ ಸಾವಿರಾರು ಪ್ರತಿ ಬರುತ್ತವೆ. ಹಾಗಾಗಿ 75 ಅನ್ನುವುದು ಕಲಾವಿದರು ಮತ್ತು ಪ್ರಕಾಶಕರು ಕೊಟ್ಟ ಮಾತು, ಅಷ್ಟೇ. ಎಡಿಷನ್, ಅಂದರೆ ಮಾತು ಕೊಟ್ಟಷ್ಟು ಪ್ರತಿಗಳ ಕಟ್ಟು, ಮುಗಿದ ಮೇಲೆ ಎಮಲ್ಷನ್ ಕರಗಿಸಿ ಬಟ್ಟೆ ತೊಳೆದುಬಿಡುತ್ತಾರೆ, ಅದೇ ಫ್ರೇಮು ಮುಂದಿನ ಕೆಲಸಕ್ಕೆ ಹೋಗುತ್ತದೆ. ಆದರೆ ಚಿತ್ರ ಬರೆದ ಆ ಪಾರದರ್ಶಕ ಹಾಳೆ ಉಳಿದಿದ್ದರೆ ಸ್ಕ್ರೀನನ್ನು ಮತ್ತೆ ಮಾಡಿಕೊಳ್ಳಬಹುದು.

ಅದು ಆಗಿಯೂ ಇದೆ. ಅಮೆರಿಕದ ಕಲಾವಿದ ಆ್ಯಂಡಿ ವಾರ್ಹಾಲ್ 1967ರಲ್ಲಿ ನಟಿ ಮರ್ಲಿನ್ ಮನ್ರೋ ಮುಖದ ಹತ್ತು ಸ್ಕ್ರೀನ್‌ಪ್ರಿಂಟ್‌ಗಳನ್ನು 250 ಪ್ರತಿಗಳ ಎಡಿಷನ್ ಆಗಿ ತಂದರು. 1970ರಲ್ಲಿ ಯುರೋಪಿನಲ್ಲಿ ಸಂಡೇ ಬಿ. ಮಾರ್ನಿಂಗ್ ಅನ್ನುವ ಹೆಸರಿನಲ್ಲಿ ಅದೇ ಚಿತ್ರಗಳು ಮತ್ತೆ ಅಚ್ಚಾದವು. ಹಿಂಬದಿಯಲ್ಲಿ ‘ನಿಮ್ಮ ಸಹಿ ನೀವೇ ಹಾಕಿಕೊಳ್ಳಿ’ ಅನ್ನುವ ಅರ್ಥದ ಮುದ್ರೆ ಬೇರೆ! ವಾರ್ಹಾಲ್ ಕೈಗೆ ಅಂಥವು ಸಿಕ್ಕಾಗ ಕೆಲವದರ ಮೇಲೆ ‘ಇದು ನನ್ನದಲ್ಲ’ ಅಂತ ಬರೆದು ಸಹಿ ಹಾಕಿದ್ದೂ ಉಂಟು. ಕಣ್ಣಿಗೆ ಎರಡೂ ಹೆಚ್ಚುಕಡಿಮೆ ಒಂದೇ ಚಿತ್ರ. ಬೆಲೆಯಲ್ಲಿ ಮಾತ್ರ ಹೋಲಿಕೆಯೇ ಇಲ್ಲ.

ಉಲ್ಟಾ ಉದಾಹರಣೆಯೂ ಇದೆ, ಅದು ಭೂದೃಶ್ಯದ್ದೇ. 1938ರಿಂದ 1941ರ ನಡುವೆ ಅಮೆರಿಕದ ರಾಷ್ಟ್ರೀಯ ಉದ್ಯಾನಗಳಿಗಾಗಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಸ್ಕ್ರೀನ್‌ಪ್ರಿಂಟ್ ಪೋಸ್ಟರ್‌ಗಳು ತಯಾರಾದವು. ಒಟ್ಟು 14 ವಿನ್ಯಾಸ, ಒಂದೊಂದು ಸುಮಾರು 50ರಿಂದ 100 ಪ್ರತಿ. ಬೆಟ್ಟ, ಸರೋವರ, ಬಿಸಿನೀರಿನ ಬುಗ್ಗೆ, ಎಲ್ಲ ಚಪ್ಪಟೆ ಬಣ್ಣಗಳಲ್ಲಿ. ಯಾರೂ ಇವನ್ನು ಲಿಮಿಟೆಡ್ ಎಡಿಷನ್ ಅಂತ ಮಾಡಿರಲಿಲ್ಲ, ಸಹಿ ಇಲ್ಲ, ನಂಬರ್ ಇಲ್ಲ. ಗೋಡೆಗೆ ಅಂಟಿಸಿದರು, ಹರಿದವು, ಎಸೆದರು. 1970ರ ದಶಕದ ಆರಂಭದಲ್ಲಿ ಗ್ರ್ಯಾಂಡ್ ಟೀಟನ್ ಉದ್ಯಾನದ ರೇಂಜರ್ ಒಬ್ಬರಿಗೆ ಹಳೇ ಸಾಮಾನಿನ ರಾಶಿಯಲ್ಲಿ ಒಂದು ಸಿಕ್ಕಿತು, ಮುಂದೆ ಅವರೇ ಅವುಗಳ ಮರುಮುದ್ರಣಕ್ಕೆ ಕೈಹಾಕಿದರು. ಉಳಿದಿರುವ ಮೂಲ ಪ್ರತಿಗಳು ಬಹಳ ಕಡಿಮೆ, ಸಂಗ್ರಾಹಕರು ಸಾವಿರಾರು ಡಾಲರ್ ಕೊಡುತ್ತಾರೆ. ಇಲ್ಲಿ ಮಿತಿ ಹಾಕಿದ್ದು ಕಲಾವಿದರಲ್ಲ, ಕಾಲ.

ಪೆನ್ಸಿಲ್ ಬರಹ ಓದುವುದು ಹೀಗೆ

14/75 ಅಂದರೆ 75 ಪ್ರತಿಗಳಲ್ಲಿ ಇದು 14ನೆಯದು. ಮೊದಲು ಅಚ್ಚಾದದ್ದು 1, ಕೊನೆಯದು 75 ಅಂತ ತಿಳಿಯಬೇಡಿ. ಎಂಟು ಪದರ ಹಾಕುವಾಗ ಹಾಳೆಗಳ ಕ್ರಮ ಹತ್ತು ಸಲ ಅದಲುಬದಲಾಗಿರುತ್ತದೆ. ಕೊನೆಗೆ ಒಣಗಿದ ಕಟ್ಟು ಮುಂದಿಟ್ಟುಕೊಂಡು ನಂಬರ್ ಬರೆಯುತ್ತಾ ಹೋಗುತ್ತಾರೆ. ಹಾಗಾಗಿ ಸ್ಕ್ರೀನ್‌ಪ್ರಿಂಟ್‌ನಲ್ಲಿ 1/75ಕ್ಕೆ ಹೆಚ್ಚು ದುಡ್ಡು ಕೇಳಿದರೆ ಅದಕ್ಕೆ ಗುಣಮಟ್ಟದ ಕಾರಣ ಇಲ್ಲ.

ನಂಬರಿನ ಜಾಗದಲ್ಲಿ ಎ.ಪಿ. ಅಂತಿದ್ದರೆ ಅದು ಆರ್ಟಿಸ್ಟ್ಸ್ ಪ್ರೂಫ್, ಕಲಾವಿದರು ತಮಗಾಗಿ ಇಟ್ಟುಕೊಳ್ಳುವ ಪ್ರತಿ. ಎಡಿಷನ್ನಿನ ಶೇ 10ರಷ್ಟು ಇಡುವುದು ರೂಢಿ. ಪಿ.ಪಿ. ಅಂದರೆ ಅಚ್ಚು ಹಾಕಿದವರ ಪಾಲಿನದು. ಎಚ್.ಸಿ. ಅಂದರೆ ಮಾರಾಟಕ್ಕಲ್ಲದ, ಪ್ರದರ್ಶನಕ್ಕೆ ಇಟ್ಟ ಪ್ರತಿ, ಆದರೂ ಅವು ಮಾರುಕಟ್ಟೆಗೆ ಬರುತ್ತಿರುತ್ತವೆ. ಬಿ.ಎ.ಟಿ. ಒಂದೇ ಇರುತ್ತದೆ: ‘ಹೀಗೇ ಬರಲಿ, ಶುರು ಮಾಡಿ’ ಅಂತ ಕಲಾವಿದರು ಒಪ್ಪಿದ ಮಾದರಿ.

ಅಂದರೆ 75ರ ಎಡಿಷನ್ ಅಂದಾಗ ನಿಜಕ್ಕೂ ಜಗತ್ತಿನಲ್ಲಿ ಇರುವುದು 75ಕ್ಕಿಂತ ಹೆಚ್ಚು ಇರಬಹುದು. ಇದು ಮೋಸ ಅಲ್ಲ, ಎಲ್ಲ ಕಡೆ ನಡೆಯುವ ಪದ್ಧತಿ. ಆದರೆ ಎ.ಪಿ. ಎಷ್ಟು ಅಂತ ಕೇಳಿದಾಗ ಮಾರುವವರು ತಡವರಿಸಿದರೆ ಯೋಚಿಸಿ. ಕಾಗದದ ಮೂಲೆಯಲ್ಲಿ ಬಣ್ಣವಿಲ್ಲದೆ ಉಬ್ಬಿದ ಸಣ್ಣ ಮುದ್ರೆ ಇದ್ದರೆ ಅದು ಸ್ಟುಡಿಯೋದ ಗುರುತು. ಬೆಳಕಿಗೆ ಓರೆಯಾಗಿ ಹಿಡಿದರೆ ಕಾಣುತ್ತದೆ.

ಎಲ್ಲ ಪ್ರತಿಗಳೂ ಒಂದೇ ಥರ ಇರಬೇಕು ಅಂತಲೂ ಇಲ್ಲ. ಮತ್ತೆ ವಾರ್ಹಾಲ್ ಕಡೆಗೇ ಹೋಗಬೇಕು. 1972ರಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನ ಮಾರ್ಕೆಟ್ (Marquette) ಅನ್ನುವ ಹೋಟೆಲಿಗಾಗಿ ವಾಸ್ತುಶಿಲ್ಪಿಗಳಾದ ಫಿಲಿಪ್ ಜಾನ್ಸನ್ ಮತ್ತು ಜಾನ್ ಬರ್ಗೀ ಅವರು ವಾರ್ಹಾಲ್ ಅವರಿಂದ ಚಿತ್ರ ಮಾಡಿಸಿದರು. ವಿಷಯ ಸೂರ್ಯಾಸ್ತ: ದಿಗಂತ, ಅದರ ಮೇಲೆ ಸೂರ್ಯನ ಗೋಳ, ಅಷ್ಟೇ. 34 ಇಂಚು ಚೌಕದ 632 ಪ್ರಿಂಟ್ ಆದವು. ಸ್ಕ್ರೀನ್ ಅವೇ, ಬಣ್ಣ ಮಾತ್ರ ಪ್ರತಿ ಹಾಳೆಗೂ ಬೇರೆ. 472 ಹೋಟೆಲಿಗೆ ಹೋದವು. ಉಳಿದ 160ನ್ನು ನಾಲ್ಕು ನಾಲ್ಕರಂತೆ 40 ಪೋರ್ಟ್‌ಫೋಲಿಯೋ ಕಟ್ಟಿದರು. ಅಚ್ಚಿನ ಕೆಲಸ, ಆದರೂ ಒಂದರಂತೆ ಇನ್ನೊಂದಿಲ್ಲ. ಇಂಥವನ್ನು ಯುನೀಕ್ ಪ್ರಿಂಟ್ ಅನ್ನುತ್ತಾರೆ.

ಅಸಲಿ ಯಾವುದು, ಫೋಟೋ ಪ್ರತಿ ಯಾವುದು?

ಹೊಸದಾಗಿ ಕೊಳ್ಳುವವರು ಎಡವುವುದು ಹೆಚ್ಚಾಗಿ ಇಲ್ಲಿ. ಲಿಮಿಟೆಡ್ ಎಡಿಷನ್ ಅನ್ನುವ ಒಂದೇ ಹಲಗೆಯ ಕೆಳಗೆ ಮೂರು ಬೇರೆ ಬೇರೆ ಸರಕು ಮಾರಾಟವಾಗುತ್ತವೆ.

ಪ್ರಿಂಟ್ ಆಗಲೆಂದೇ ಕಲಾವಿದರು ಕಲ್ಪಿಸಿ, ಪದರ ಪದರವಾಗಿ ಯೋಚಿಸಿ ಮಾಡಿದ್ದು ಒಂದು. ಇದಕ್ಕೆ ಬೇರೆ ಪೇಂಟಿಂಗ್ ಮೂಲ ಇರುವುದಿಲ್ಲ, ಪ್ರಿಂಟೇ ಮೂಲ. ಎರಡನೆಯದು, ಈಗಾಗಲೇ ಇರುವ ಪೇಂಟಿಂಗನ್ನು ನುರಿತ ಅಚ್ಚುಗಾರರು ಸ್ಕ್ರೀನ್‌ಪ್ರಿಂಟಿಗೆ ಇಳಿಸಿ, ಕಲಾವಿದರು ನೋಡಿ ಸಹಿ ಹಾಕಿದ್ದು. ಭಾರತದಲ್ಲಿ ಕಲಾವಿದರಾದ ಎಂ.ಎಫ್. ಹುಸೇನ್, ಎಸ್.ಎಚ್. ರಜಾ ಅವರ ಹೆಸರಿನಲ್ಲಿ ಸಿಗುವ ಸೆರಿಗ್ರಾಫ್‌ಗಳಲ್ಲಿ ಹಲವು ಈ ಬಗೆಯವು. ಇದರಲ್ಲೂ ಕೈಗೆಲಸ ದೊಡ್ಡದು, ಆದರೆ ಮೊದಲನೆಯದಕ್ಕೆ ಸಮ ಅಲ್ಲ. ಮೂರನೆಯದು ಇಂಕ್‌ಜೆಟ್. ಪೇಂಟಿಂಗಿನ ಫೋಟೋ ತೆಗೆದು ದೊಡ್ಡ ಪ್ರಿಂಟರ್‌ನಲ್ಲಿ ತೆಗೆದದ್ದು, ಜಿಕ್ಲೇ ಅಂತ ಕರೆಯುತ್ತಾರೆ. ಗೋಡೆಗೆ ಚೆನ್ನಾಗಿಯೇ ಕಾಣುತ್ತದೆ. ಸ್ಕ್ರೀನ್‌ಪ್ರಿಂಟಿನ ಬೆಲೆಗೆ ಕೊಳ್ಳಬಾರದು, ಅಷ್ಟೇ.

ಗುರುತಿಸಲು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸ್ ಸಾಕು, ಚಿನ್ನದಂಗಡಿಯವರು ಕಣ್ಣಿಗೆ ಹಿಡಿಯುತ್ತಾರಲ್ಲ, ಅಂಥದ್ದು. ಇಂಕ್‌ಜೆಟ್ಟಿನಲ್ಲಿ ಹಸಿರು ಬೆಟ್ಟದ ಒಳಗೆ ನೀಲಿ, ಹಳದಿ, ಗುಲಾಬಿ ಚುಕ್ಕಿಗಳು ಚೆಲ್ಲಾಡಿರುತ್ತವೆ. ಆಫ್‌ಸೆಟ್ (ಪತ್ರಿಕೆ, ಕ್ಯಾಲೆಂಡರ್ ಅಚ್ಚಾಗುವ ವಿಧಾನ) ಆದರೆ ಚುಕ್ಕಿಗಳು ಹೂವಿನಂತೆ ಸಾಲಾಗಿ ಕೂತಿರುತ್ತವೆ. ಸ್ಕ್ರೀನ್‌ಪ್ರಿಂಟ್‌ನಲ್ಲಿ ಹಸಿರು ಅಂದರೆ ತುಂಬು ಹಸಿರು. ಹಾಳೆಯನ್ನು ಓರೆ ಹಿಡಿದರೆ ಬಣ್ಣ ಕಾಗದದ ಮೇಲೆ ತುಸು ಉಬ್ಬಿ ಕೂತಿರುವುದೂ, ಒಂದು ಪದರದ ಅಂಚು ಇನ್ನೊಂದರ ಮೇಲೆ ಹತ್ತಿರುವುದೂ ಕಾಣುತ್ತದೆ. ಫೋಟೋ ಆಧರಿಸಿದ ಸ್ಕ್ರೀನ್‌ಪ್ರಿಂಟ್‌ನಲ್ಲೂ ಚುಕ್ಕಿ ಇರಬಹುದು, ಆದರೆ ಆ ಒಂದೊಂದು ಚುಕ್ಕಿಯೂ ಗಟ್ಟಿ ಬಣ್ಣದ್ದೇ.

ಸಹಿ ಇದೆ ಅನ್ನುವುದೊಂದೇ ಸಾಕ್ಷಿ ಆಗುವುದಿಲ್ಲ. 1974ರಲ್ಲಿ ಫ್ರಾನ್ಸಿನ ಕಸ್ಟಮ್ಸ್‌ನವರು ಪಕ್ಕದ ಪುಟ್ಟ ದೇಶ ಆಂಡೋರಾಗೆ ಹೊರಟಿದ್ದ ಲಾರಿಯೊಂದನ್ನು ತಡೆದಾಗ ಅದರಲ್ಲಿ 40,000 ಖಾಲಿ ಹಾಳೆಗಳಿದ್ದವು. ಎಲ್ಲದರ ಮೇಲೂ ಸ್ಪೇನಿನ ಹೆಸರಾಂತ ಕಲಾವಿದ ಸಾಲ್ವಡಾರ್ ಡಾಲಿಯ ಸಹಿ! ಚಿತ್ರ ಇನ್ನೂ ಅಚ್ಚಾಗಿಯೇ ಇರಲಿಲ್ಲ. ಡಾಲಿ ಪ್ರಿಂಟ್‌ಗಳ ಬಗ್ಗೆ ಸಂಗ್ರಾಹಕರು ಇವತ್ತಿಗೂ ಅನುಮಾನದಿಂದಲೇ ಮಾತಾಡುವುದಕ್ಕೆ ಇದೂ ಒಂದು ಕಾರಣ.

ಶೇ 5 ಎಲ್ಲದಕ್ಕೂ ಅಲ್ಲ

ಈಗ ತೆರಿಗೆ. ಕಡಿಮೆ ದರ ಇರುವುದು ಕಸ್ಟಮ್ಸ್ ಪಟ್ಟಿಯ 97ನೇ ಅಧ್ಯಾಯದಲ್ಲಿ ಬರುವ ‘ಮೂಲ ಪ್ರಿಂಟ್’ಗಳಿಗೆ. ಅದೇ ಅಧ್ಯಾಯದ ಟಿಪ್ಪಣಿ ಮೂಲ ಪ್ರಿಂಟ್ ಅಂದರೇನು ಅಂತ ಹೇಳುತ್ತದೆ. ಅಚ್ಚಿನ ಫಲಕವನ್ನು ಪೂರ್ತಿಯಾಗಿ ಕಲಾವಿದರೇ ಕೈಯಿಂದ ಮಾಡಿರಬೇಕು. ಯಾಂತ್ರಿಕ ಅಥವಾ ಫೋಟೋ-ಯಾಂತ್ರಿಕ ವಿಧಾನದವು ಇದರಲ್ಲಿ ಸೇರುವುದಿಲ್ಲ. ಕೈಯಲ್ಲಿ ಕತ್ತರಿಸಿದ, ಬಟ್ಟೆಯ ಮೇಲೆ ನೇರ ಬಳಿದ ಸ್ಕ್ರೀನಿಗೆ ಇದು ಹೊಂದುತ್ತದೆ. ಫೋಟೋ ಇಟ್ಟು ಬೆಳಕು ಬಿಟ್ಟು ಮಾಡಿದ್ದಕ್ಕೆ, ಇಂಕ್‌ಜೆಟ್ಟಿಗೆ ಹೊಂದುವುದು ಕಷ್ಟ, ಅವಕ್ಕೆ ಬೇರೆ ದರ ಬೀಳಬಹುದು. ಹಾಗಾಗಿ ಬಿಲ್ಲಿನಲ್ಲಿ ತೆರಿಗೆಗಾಗಿ ಸರಕು ಗುರುತಿಸುವ ಎಚ್‌ಎಸ್‌ಎನ್ ಕೋಡ್ 9702 ಅಂತ ಇದೆಯಾ ನೋಡಿ. ಇದ್ದರೆ, ಮಾರುವವರು ಅದನ್ನು ಮೂಲ ಪ್ರಿಂಟ್ ಅಂತ ಬರಹದಲ್ಲಿ ಒಪ್ಪಿಕೊಂಡಂತಾಯಿತು.

ಇನ್ನೊಂದು ಮಾತು. ಪ್ರಿಂಟ್ ಕೊಂಡರೆ ಹಾಳೆ ನಿಮ್ಮದು, ಕಾಪಿರೈಟ್ ಕಲಾವಿದರದ್ದೇ. ಆ ಬೆಟ್ಟವನ್ನು ನಿಮ್ಮ ಹೋಮ್‌ಸ್ಟೇಯ ಬೋರ್ಡಿಗೋ ಕಾಫಿ ಪ್ಯಾಕೆಟ್ಟಿಗೋ ಹಾಕಿಸುವಂತಿಲ್ಲ.

ಕೊಂಡ ಮೇಲೆ: ಫ್ರೇಮ್ ಅಂಗಡಿಯಲ್ಲಿ ಹುಷಾರು

ಪ್ರಮಾಣಪತ್ರ ಕೊಟ್ಟರೆ ಅದರಲ್ಲಿ ಕಲಾವಿದರ ಹೆಸರು, ವರ್ಷ, ವಿಧಾನ, ಕಾಗದ, ಎಷ್ಟು ಸ್ಕ್ರೀನ್, ಒಟ್ಟು ಎಡಿಷನ್, ಎ.ಪಿ. ಎಷ್ಟು, ಎಲ್ಲಿ ಅಚ್ಚಾಯಿತು ಅನ್ನುವುದಿರಲಿ. ಬರೀ ‘ಅಥೆಂಟಿಕ್’ ಅಂತ ಬಂಗಾರದ ಬಣ್ಣದ ಸ್ಟಿಕರ್ ಇದ್ದರೆ ಅದರಿಂದ ಏನೂ ತಿಳಿಯುವುದಿಲ್ಲ. ಬಿಲ್ಲು ಮತ್ತು ಪತ್ರ ಎರಡನ್ನೂ ಜೋಪಾನವಾಗಿಡಿ. ಮುಂದೆ ಮಾರುವಾಗ ಕೇಳುವುದು ಅದನ್ನೇ. ಮಾರಿದರೆ ಲಾಭ ಗ್ಯಾರಂಟಿ ಅನ್ನುವ ಮಾತನ್ನು ಮಾತ್ರ ನಂಬಬೇಡಿ, ಎಷ್ಟೋ ಪ್ರಿಂಟ್‌ಗಳಿಗೆ ಎರಡನೇ ಸಲ ಗಿರಾಕಿ ಸಿಗುವುದೇ ಕಷ್ಟ.

ಪ್ರಿಂಟ್ ಹಾಳಾಗುವುದು ಹೆಚ್ಚಾಗಿ ಮೊದಲ ವಾರದಲ್ಲೇ, ಫ್ರೇಮ್ ಅಂಗಡಿಯಲ್ಲಿ. ದೇವರ ಪಟ, ಮದುವೆ ಫೋಟೋ ಕಟ್ಟಿ ಅಭ್ಯಾಸವಾದವರು ಒಳ್ಳೆ ಮನಸ್ಸಿನಿಂದಲೇ ಹಾಳೆಯನ್ನು ಹಾರ್ಡ್‌ಬೋರ್ಡಿಗೆ ಫೆವಿಕಾಲ್ ಹಾಕಿ ಅಂಟಿಸಿಬಿಡುತ್ತಾರೆ, ಫ್ರೇಮಿಗೆ ಹೊಂದಲಿ ಅಂತ ಅಂಚು ಕತ್ತರಿಸುತ್ತಾರೆ. ಆ ಅಂಚಿನಲ್ಲೇ ಸಹಿ, ನಂಬರು, ಸ್ಟುಡಿಯೋ ಮುದ್ರೆ ಇರುವುದು. ಮುಂಚೆಯೇ ಬಿಡಿಸಿ ಹೇಳಿ. ಅಂಟಿಸಬೇಡಿ, ಕತ್ತರಿಸಬೇಡಿ, ಹಿಂದೆ ಆಮ್ಲರಹಿತ ಬೋರ್ಡ್ ಹಾಕಿ, ಮುಂದೆ ಮೌಂಟ್ (ಚಿತ್ರದ ಸುತ್ತ ಕೂರುವ ದಪ್ಪ ಕಾಗದದ ಚೌಕಟ್ಟು) ಇಟ್ಟು ಗಾಜು ಹಾಳೆಗೆ ತಾಗದಂತೆ ನೋಡಿಕೊಳ್ಳಿ. ಯುವಿ ತಡೆಯುವ ಗಾಜು ಸ್ವಲ್ಪ ದುಬಾರಿ, ಆದರೂ ಹಾಕಿಸಿ. ಹೊಳೆಯುವ ಫ್ಲೋರೊಸೆಂಟ್ ಬಣ್ಣಗಳಿದ್ದರೆ ಬಿಸಿಲಿಗೆ ಮೊದಲು ಮಂಕಾಗುವುದು ಅವೇ.

ಕರಾವಳಿ, ಮಲೆನಾಡಿನ ಮನೆಗಳಲ್ಲಿ ಹೊರಗೋಡೆಗೆ ನೇತುಹಾಕದಿರುವುದು ವಾಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಗೋಡೆ ನೀರು ಹೀರಿ ಒದ್ದೆಯಾಗಿಯೇ ಇರುತ್ತದೆ, ಫ್ರೇಮಿನ ಹಿಂದೆ ಬೂಷ್ಟು ಬರುತ್ತದೆ, ಕಾಗದದ ಮೇಲೆ ಕಂದು ಚುಕ್ಕಿ ಏಳುತ್ತದೆ. ಒಳಗೋಡೆಗೆ ಹಾಕಿ, ಫ್ರೇಮಿನ ಹಿಂದಿನ ಮೂಲೆಗಳಿಗೆ ಸಣ್ಣ ರಬ್ಬರ್ ಬುಡ ಅಂಟಿಸಿ ಗಾಳಿ ಆಡಲು ಬಿಡಿ. ಮಳೆಗಾಲ ಮುಗಿದ ಮೇಲೆ ಒಮ್ಮೆ ಇಳಿಸಿ ಹಿಂಬದಿ ನೋಡಿ.